ಎದ್ದ ಮೇಲಿನ ಮೊದಲ ತಾಸು

ಒಬ್ಬ ಹುಡುಗ ಮಲಗುತ್ತಾನೆ. ಕಣ್ಣು ಬಿಟ್ಟಾಗ ನೂರಾರೋ ಸಾವಿರಾರೋ ವರ್ಷ ಸರಿದುಹೋಗಿರುತ್ತವೆ. ಗುರುತಿನವರು ಯಾರೂ ಉಳಿದಿಲ್ಲ, ಊರು ಊರಾಗಿ ಉಳಿದಿಲ್ಲ. ಮುಂದಿನದೆಲ್ಲ ಸಾಹಸ. ವಿಜ್ಞಾನ ಕಥೆಗಳಲ್ಲಿ ಇದೊಂದು ದೊಡ್ಡ ಮನೆತನ. ಇಂಗ್ಲಿಷಿನಲ್ಲಿ ಹದಿಹರೆಯದವರಿಗೆಂದೇ ಇಂಥ ಕಾದಂಬರಿಗಳು ಸಾಲುಸಾಲಾಗಿ ಬರುತ್ತವೆ. ಕನ್ನಡದಲ್ಲಿ ಕಡಿಮೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ನಮ್ಮ ಹೈಸ್ಕೂಲು ಮಕ್ಕಳು ಇದನ್ನು ಮೊದಲು ಕಾಣುವುದು ಮೊಬೈಲಿನಲ್ಲಿ, ಹಿಂದಿಗೋ ಕನ್ನಡಕ್ಕೋ ಡಬ್ ಆದ ಸಿನಿಮಾದಲ್ಲಿ. ಹೀಗಾಗಿ ಅವರ ಮನಸ್ಸಿನಲ್ಲಿ ಇಂಥ ಕಥೆ ಎಂದರೆ ಗಾಜಿನ ಪೆಟ್ಟಿಗೆ, ನೀಲಿ ಬೆಳಕು, ಹೊಗೆ, ಆಮೇಲೆ ಹಾರುವ ಕಾರು.

ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ಬದಿಗಿಡಿ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಅದನ್ನು ಯಾರು ಬೇಕಾದರೂ ಬರೆಯಬಹುದು. ಕಥೆ ಗಟ್ಟಿಯೋ ಜೊಳ್ಳೋ ಗೊತ್ತಾಗುವುದು ಎದ್ದ ಮೇಲಿನ ಮೊದಲ ತಾಸಿನಲ್ಲಿ. ಅವನು ಮೊದಲು ಏನು ನೋಡಿದ? ಯಾವುದನ್ನು ಗುರುತು ಹಿಡಿದ? ಬಾಯಾರಿದಾಗ ನೀರು ಎಲ್ಲಿ ಸಿಕ್ಕಿತು? ಹಿಂದಿನ ಬೆಂಚಿನಿಂದ ಪ್ರತಿ ವರ್ಷ ಬರುವ ಪ್ರಶ್ನೆ ಇನ್ನೂ ನೇರ: “ಸರ, ಅಷ್ಟ್ ವರ್ಷ ಮಲಗಿದ್ದಂವ ಎದ್ದ ಕೂಡ್ಲೇ ಏನ್ ಉಣ್ತಾನ್ರಿ?” ನಕ್ಕು ಸುಮ್ಮನಾಗುವ ಪ್ರಶ್ನೆ ಇದಲ್ಲ. ಈ ಬಗೆಯ ಹಳೆಯ ಕಥೆಗಳು ಇದನ್ನೇ ಹಿಡಿದು ಹೊರಟಿವೆ.

ಕುರಾನಿನ 18ನೆಯ ಸೂರಾ ‘ಕಹಫ್’. ಶುಕ್ರವಾರ ಅದನ್ನು ಓದುವ ಮನೆಗಳು ನವಲಗುಂದದಲ್ಲಿ ಸಾಕಷ್ಟಿವೆ. ಅದರಲ್ಲಿ ಕೆಲವು ತರುಣರು ತಮ್ಮ ನಂಬಿಕೆ ಉಳಿಸಿಕೊಳ್ಳಲು ಗುಹೆ ಸೇರುತ್ತಾರೆ, ಜೊತೆಗೆ ಒಂದು ನಾಯಿ. ಮಲಗಿದ್ದು ಮುನ್ನೂರು ವರ್ಷ, ಅದರ ಮೇಲೆ ಒಂಬತ್ತು. ಎದ್ದಾಗ ಅವರಿಗೆ ಅನ್ನಿಸುವುದು ಒಂದು ದಿನವೋ ಅರ್ಧ ದಿನವೋ ಮಲಗಿದೆವು ಎಂದು. ಹಸಿವಾಗುತ್ತದೆ. ಒಬ್ಬನ ಕೈಗೆ ಬೆಳ್ಳಿ ನಾಣ್ಯ ಕೊಟ್ಟು, ಒಳ್ಳೆಯ ಊಟ ತಾ, ಯಾರಿಗೂ ಗೊತ್ತಾಗದಂತೆ ಹೋಗಿ ಬಾ ಎಂದು ಪಟ್ಟಣಕ್ಕೆ ಕಳಿಸುತ್ತಾರೆ. ಕ್ರೈಸ್ತರಲ್ಲೂ ಇದೇ ಕಥೆ ‘ಏಳು ಮಂದಿ ನಿದ್ರಿಸುವವರು’ ಎಂದು ಪ್ರಸಿದ್ಧ. ಅಲ್ಲಿ ಗುಟ್ಟು ರಟ್ಟಾಗುವುದೇ ಆ ಹಳೆಯ ನಾಣ್ಯದಿಂದ. ಯಂತ್ರ ಇಲ್ಲ, ಹೊಗೆ ಇಲ್ಲ. ಹಸಿವು, ಅಂಗಡಿ, ಚಲಾವಣೆಯಲ್ಲಿಲ್ಲದ ದುಡ್ಡು. ಮಕ್ಕಳಿಗೆ ಇದು ಥಟ್ಟನೆ ತಿಳಿಯುತ್ತದೆ. 2016ರ ನವೆಂಬರ್ 7ರ ರಾತ್ರಿ ಕಿಸೆಯಲ್ಲಿ ಮರುದಿನ ರದ್ದಾಗಲಿದ್ದ ಐನೂರರ ನೋಟು ಇಟ್ಟುಕೊಂಡು ಮಲಗಿ, ಮರುವರ್ಷ ಎದ್ದು ಚಹಾದಂಗಡಿಗೆ ಹೋದವನನ್ನು ಊಹಿಸಿಕೊಳ್ಳಿ ಎಂದರೆ ಸಾಕು.

ಭಾಗವತದ ಮುಚುಕುಂದನೂ ಇದೇ ಮನೆತನದವನು. ದೇವತೆಗಳ ಪರವಾಗಿ ಬಹುಕಾಲ ಹೊಡೆದಾಡಿ ದಣಿದ ರಾಜ ಬೇಡಿಕೊಂಡ ವರ ನಿದ್ದೆ. ಗುಹೆಯಲ್ಲಿ ಮಲಗಿದ. ಕೃಷ್ಣನನ್ನು ಅಟ್ಟಿಸಿಕೊಂಡು ಬಂದ ಕಾಲಯವನ ಇವನೇ ಕೃಷ್ಣನೆಂದು ಒದ್ದು ಎಬ್ಬಿಸಿ, ಅವನ ಕಣ್ಣೋಟಕ್ಕೆ ಬೂದಿಯಾದ. ಎಲ್ಲರಿಗೂ ನೆನಪಿರುವುದು ಆ ಬೂದಿ. ನನಗೆ ಮೆಚ್ಚಾದದ್ದು ಆಮೇಲಿನ ಸಣ್ಣ ಮಾತು. ಗುಹೆಯಿಂದ ಹೊರಬಂದ ಮುಚುಕುಂದ ಸುತ್ತ ನೋಡುತ್ತಾನೆ. ಮನುಷ್ಯರು, ದನಕರು, ಗಿಡಮರ ಎಲ್ಲ ಗಿಡ್ಡ. ಅದನ್ನು ಕಂಡೇ ಯುಗ ತಿರುಗಿತೆಂದು ಅರ್ಥ ಮಾಡಿಕೊಂಡು ಬಡಗಣದ ಕಡೆಗೆ ಹೊರಟುಬಿಡುತ್ತಾನೆ. ಯಾರನ್ನೂ ಕೇಳಲಿಲ್ಲ, ಕಣ್ಣಾರೆ ನೋಡಿ ತಿಳಿದ. ಇಂಥ ಕಥೆಯ ನಾಯಕನಿಗೆ ಇರಬೇಕಾದ ಮೊದಲ ಗುಣ ಅದು.

ರೇವತಿಯ ಕಥೆಯಲ್ಲಿ ಯಾರೂ ಮಲಗುವುದೇ ಇಲ್ಲ. ಮಗಳಿಗೆ ತಕ್ಕ ವರ ಯಾರೆಂದು ಕೇಳಲು ರಾಜ ರೈವತ ಅವಳನ್ನು ಕರೆದುಕೊಂಡು ಬ್ರಹ್ಮನ ಸಭೆಗೆ ಹೋದ. ಅಲ್ಲಿ ಗಾಯನ ನಡೆದಿತ್ತು, ಮುಗಿಯಲಿ ಎಂದು ಕಾದ. ಮುಗಿದ ಮೇಲೆ ಬ್ರಹ್ಮ ನಕ್ಕು ಹೇಳಿದ: ಕೆಳಗೆ 27 ಚತುರ್ಯುಗ ಕಳೆದಿವೆ, ನೀನು ಯೋಚಿಸಿದ್ದ ವರರ ಮೊಮ್ಮಕ್ಕಳ ಹೆಸರೂ ಈಗ ಕೇಳಿಬರುವುದಿಲ್ಲ. ತಿರುಗಿ ಬಂದರೆ ಅವನ ಕುಶಸ್ಥಲಿ ದ್ವಾರಕೆಯಾಗಿದೆ. ಬಲರಾಮನಿಗೆ ರೇವತಿಯನ್ನು ಕೊಟ್ಟ. ಹಳೆಯ ಯುಗದ ಹುಡುಗಿ, ಬಲು ಎತ್ತರ. ಬಲರಾಮ ನೇಗಿಲ ತುದಿಯಿಂದ ಅವಳನ್ನು ತನ್ನ ಕಾಲದ ಅಳತೆಗೆ ತಂದ ಎನ್ನುತ್ತದೆ ವಿಷ್ಣುಪುರಾಣ. ಇದನ್ನು ಹೇಳಿದಾಗ ನಮ್ಮ ಹುಡುಗಿಯರು ಸಿಟ್ಟಾಗುತ್ತಾರೆ, ಆಗಲಿ. ಬೇರೆ ಕಾಲಕ್ಕೆ ಬಂದವರನ್ನು ಆ ಕಾಲ ತನ್ನ ಅಳತೆಗೆ ಕಡಿಯುತ್ತದೆ. ಅವಳಿಗೆ ಅದು ಬೇಕಿತ್ತೇ ಎಂದು ಯಾರೂ ಕೇಳಲಿಲ್ಲ. ಒಂದು ಇಡೀ ಕಾದಂಬರಿಗೆ ಸಾಕಾಗುವಷ್ಟು ವಸ್ತು ಅಲ್ಲಿದೆ.

ಈಗ ಅಮೆರಿಕಕ್ಕೆ ಹೋಗಿ ಬರೋಣ. ವಾಷಿಂಗ್ಟನ್ ಇರ್ವಿಂಗ್ 1819ರಲ್ಲಿ ಬರೆದ ‘ರಿಪ್ ವ್ಯಾನ್ ವಿಂಕಲ್’ ಕಥೆಯ ಸೋಮಾರಿ ಬೆಟ್ಟದಲ್ಲಿ ಯಾರೋ ಕೊಟ್ಟ ಮದ್ಯ ಕುಡಿದು 20 ವರ್ಷ ಮಲಗುತ್ತಾನೆ. ಆ ನಡುವೆ ಅಮೆರಿಕ ಸ್ವತಂತ್ರವಾಗಿದೆ. ಅವನಿಗೆ ಗೊತ್ತಿಲ್ಲ. ಊರಿನ ಖಾನಾವಳಿ ಮುಂದಿನ ಬೋರ್ಡಿನಲ್ಲಿ ಇಂಗ್ಲೆಂಡಿನ ರಾಜ ಜಾರ್ಜನ ಚಿತ್ರವಿತ್ತು. ಮುಖ ಈಗಲೂ ಅದೇ, ಆದರೆ ಕೆಂಪು ಅಂಗಿ ನೀಲಿಯಾಗಿದೆ, ಕೈಯ ರಾಜದಂಡ ಕತ್ತಿಯಾಗಿದೆ, ಕೆಳಗೆ ಜನರಲ್ ವಾಷಿಂಗ್ಟನ್ ಎಂದು ಬರೆದಿದೆ. ಇವನು ತಾನು ರಾಜನ ನಿಷ್ಠ ಪ್ರಜೆ ಎಂದು ಕೂಗಿ ಪೇಚಿಗೆ ಸಿಲುಕುತ್ತಾನೆ. ಇಪ್ಪತ್ತೇ ವರ್ಷದಲ್ಲಿ ಒಂದು ದೇಶ ತಿರುಗಿದ್ದನ್ನು ಒಂದು ಬೋರ್ಡಿನಲ್ಲಿ ತೋರಿಸಿದ ಕೈಚಳಕ ಅದು.

ಇದೇ ಲೆಕ್ಕವನ್ನು ನಮ್ಮೂರಿಗೆ ಹಾಕಿ ನೋಡಬಹುದು. ದೂರದ ಭವಿಷ್ಯ ಬರೆಯಲು ಹೊರಟವರಿಗೆ ನಾನು ಮೊದಲು ಕೊಡುವ ಕೆಲಸವೂ ಇದೇ: ಹಿಂದಿನವನೊಬ್ಬನನ್ನು ನಿಮಗೆ ಚೆನ್ನಾಗಿ ಗೊತ್ತಿರುವ ಕಾಲದಲ್ಲಿ ಎಬ್ಬಿಸಿ. 1946ರಲ್ಲಿ ಕುಂದಗೋಳದ ಹುಡುಗನೊಬ್ಬ ಬಣವೆಯ ನೆರಳಲ್ಲಿ ಅಡ್ಡಾಗಿ 1966ರಲ್ಲಿ ಎದ್ದ ಎನ್ನೋಣ. ಮಲಗುವಾಗ ಅವನು ಜಮಖಂಡಿ ಸಂಸ್ಥಾನದವನು. ಎದ್ದಾಗ ಮೈಸೂರು ರಾಜ್ಯದವನು, 1956ರ ನವೆಂಬರ್ 1ರಿಂದ. ಕಿಸೆಯಲ್ಲಿರುವ ನಾಣ್ಯದ ಮೇಲೆ ಆರನೆಯ ಜಾರ್ಜನ ತಲೆ. ಅಂಗಡಿಯವನ ಗಲ್ಲೆಯಲ್ಲಿ ನಾಲ್ಕು ಸಿಂಹದ ಮುದ್ರೆ. ಇವನು ಆಣೆ ಲೆಕ್ಕ ಹೇಳುತ್ತಾನೆ, ಅವನು ಪೈಸೆ ಹೇಳುತ್ತಾನೆ. ದಶಮಾಂಶದ ನಾಣ್ಯ ಬಂದದ್ದು 1957ರ ಏಪ್ರಿಲಿನಲ್ಲಿ. ಸೇರು ಎಂದರೆ ಕಿಲೋ ತೂಗುತ್ತಾನೆ. ಯಾರದೋ ಪಡಸಾಲೆಯಿಂದ ಧಾರವಾಡ ಆಕಾಶವಾಣಿ ಕೇಳಿಬರುತ್ತದೆ. ಆ ಕೇಂದ್ರ ಆರಂಭವಾದದ್ದು 1950ರಲ್ಲಿ. ಮುಂಗಾರಿ ಹೊಲದ ಕಡೆ ತಿರುಗಿದರೆ ಅಲ್ಲೊಂದು ಇಲ್ಲೊಂದು ಕಡೆ ಜೋಳ ಆಳೆತ್ತರವಾಗುವ ಮೊದಲೇ ತೆನೆ ಬಿಟ್ಟಿದೆ. ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಿಡುಗಡೆಯಾದದ್ದು 1964ರಲ್ಲಿ. ಆಳೆತ್ತರ ಮೀರಿದ ಜವಾರಿ ಜೋಳದ ನಡುವೆ ಓಡಾಡಿ ಬೆಳೆದ ಹುಡುಗ ನಿಂತು ನೋಡುತ್ತಾನೆ, ಬೆಳೆ ಗಿಡ್ಡ. ಮುಚುಕುಂದ ಕಂಡದ್ದೂ ಇದನ್ನೇ.

ಗಮನಿಸಿ, ಇಲ್ಲಿ ಒಂದೂ ಮಾತು ಕಟ್ಟುಕಥೆಯಲ್ಲ. ಒಂದೊಂದು ಬದಲಾವಣೆಗೂ ಒಂದು ಕಾರಣ, ಒಂದು ತಾರೀಕು ಇದೆ. ಭವಿಷ್ಯದ ಕಥೆಯಲ್ಲೂ ಹೀಗೇ ಇರಬೇಕು. 2500ರಲ್ಲಿ ನವಲಗುಂದದಲ್ಲಿ ಎಲ್ಲರೂ ನೇರಳೆ ಬಟ್ಟೆ ತೊಟ್ಟಿದ್ದರು ಎಂದು ಬರೆದರೆ ನಾನು ಕೇಳುವುದು ಒಂದೇ: ಯಾಕೆ?

ಇನ್ನೂ ಹಿಂದಕ್ಕೆ ಹೋಗಿ ಅಣ್ಣಿಗೇರಿಗೆ ಬನ್ನಿ. ಅಮೃತೇಶ್ವರ ಗುಡಿ ಚಾಲುಕ್ಯರ ಕಾಲದ್ದು, ಸುಮಾರು 1050ರದು. ಅದನ್ನು ಕಟ್ಟುವಾಗ ಕಲ್ಲು ಹೊತ್ತ ಹುಡುಗಿಯೊಬ್ಬಳು ಈಗ ಎದ್ದಳು ಎನ್ನಿ. ಅವಳಿಗೆ ತಾನು ಎಲ್ಲಿದ್ದೇನೆ ಎಂದು ತಿಳಿಸುವುದು ಆ ಗುಡಿಯೊಂದೇ. ಮೂಲೆ ಸವೆದಿರಬಹುದು, ಕಂಬದ ಹೊಳಪು ಹೋಗಿರಬಹುದು, ಆದರೆ ತಾನು ಕಂಡ ಕಂಬ. ಉಳಿದದ್ದೆಲ್ಲ ಅಪರಿಚಿತ: ತಂತಿ, ಡಾಂಬರು, ರೈಲು. ಯಾರಾದರೂ ಕನಿಕರದಿಂದ ಅವಳಿಗೆ ಊಟಕ್ಕಿಟ್ಟರೆ? ಜೋಳದ ರೊಟ್ಟಿ ಗುರುತು ಸಿಗುತ್ತದೆ. ಬೆಲ್ಲ, ಎಳ್ಳು, ಹೆಸರುಕಾಳು, ಮಜ್ಜಿಗೆ ಸಿಗುತ್ತದೆ. ಬದನೆಕಾಯಿ ಸಿಗುತ್ತದೆ, ಆದರೆ ಎಣಗಾಯಿ ಬಾಯಿಗಿಟ್ಟ ಕೂಡಲೇ ಕಣ್ಣಲ್ಲಿ ನೀರು. ಒಣಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದು ಪೋರ್ಚುಗೀಸರ ಹಡಗುಗಳಿಂದ, 1498ರ ಈಚೆಗೆ. ಶೇಂಗಾ, ಬಟಾಟಿ, ಟೊಮೆಟೊ, ಗೋವಿನಜೋಳ, ಪ್ಯಾರಲಹಣ್ಣು, ತಂಬಾಕು ಎಲ್ಲದರ ತವರೂ ಅಮೆರಿಕ ಖಂಡ. ಕುಂದಗೋಳದ ಹೊಲದಲ್ಲಿ ಕೆಂಪಗೆ ಹರಡಿದ ಬ್ಯಾಡಗಿ ಮೆಣಸಿನಕಾಯಿಯನ್ನು ನಾವು ಅನಾದಿ ಕಾಲದ್ದೆಂದು ತಿಳಿದಿದ್ದೇವೆ. ಅವಳಿಗೆ ಅದು ಬೇರೆ ಗ್ರಹದ ಹಣ್ಣು. ಶೇಂಗಾ ಹಿಂಡಿ ಇಲ್ಲದ ಧಾರವಾಡವನ್ನು ನನ್ನಿಂದ ಊಹಿಸಲಿಕ್ಕಾಗುವುದಿಲ್ಲ. ಅವಳಿಗೆ ಅದು ಇರುವ ಧಾರವಾಡವನ್ನು ಊಹಿಸಲಿಕ್ಕಾಗುವುದಿಲ್ಲ.

ಮಾತಿನ ಪಾಡೂ ಹೀಗೆಯೇ. ಪಂಪ ತನ್ನ ಕಾವ್ಯ ಮುಗಿಸಿದ್ದು 941ರ ಸುಮಾರಿಗೆ. ಅವನ ತಾಯಿ ಅಬ್ಬಣಬ್ಬೆಗೆ ಅಣ್ಣಿಗೇರಿಯ ನಂಟಿತ್ತು ಎಂದು ಅವನ ತಮ್ಮ ಹಾಕಿಸಿದ ಕುರಿಕ್ಯಾಲದ ಶಾಸನ ಹೇಳುತ್ತದೆ. ಆ ಮನೆಯ ಕನ್ನಡಕ್ಕೂ ಇಂದಿನ ಅಣ್ಣಿಗೇರಿ ಬಸ್ ಸ್ಟ್ಯಾಂಡಿನ ಕನ್ನಡಕ್ಕೂ ಸಾವಿರ ವರ್ಷದ ಅಂತರ. ನಮ್ಮ ಹುಡುಗಿ ‘ಪಾಲು’ ಎಂದರೆ ನಾವು ಆಸ್ತಿಯ ಪಾಲು ಕೇಳುತ್ತಿದ್ದಾಳೆಂದು ತಿಳಿದೇವು, ಅವಳು ಕೇಳಿದ್ದು ಹಾಲು. ಮುಂದಿನ ಸಾವಿರ ವರ್ಷಕ್ಕೂ ಇಷ್ಟು ದೂರ ಇಟ್ಟುಕೊಳ್ಳಿ. 3000ದ ಜನ ನಿಮ್ಮ ನಾಯಕನೊಂದಿಗೆ ಪಠ್ಯಪುಸ್ತಕದ ಕನ್ನಡ ಮಾತಾಡಿದರೆ ಬರೆದವರು ಮೈಗಳ್ಳತನ ಮಾಡಿದ್ದಾರೆ ಎಂದೇ ಅರ್ಥ.

ಇನ್ನು ಮಲಗುವ ಬಗೆ. ಇಲ್ಲಿ ವಿಜ್ಞಾನ ಬೇಕು, ಮತ್ತು ಅದನ್ನು ವಿವರಿಸಲು ನಮ್ಮ ಸೀಮೆಯಲ್ಲೇ ಒಂದು ಒಳ್ಳೆಯ ವಸ್ತುವಿದೆ: ಹಗೇವು. ನೆಲದಡಿ ತೋಡಿದ ಕಾಳಿನ ಕೋಣೆ. ಒಳಗೆ ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಬಳಿಯುತ್ತಿದ್ದರು. ಒಳಗಿರುವ ಕಾಳೂ ಹುಳವೂ ಉಸಿರಾಡಿ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಸಾಯುತ್ತದೆ, ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಅದೇ ಕಾರಣಕ್ಕೆ ಹಗೇವು ತೆರೆದ ಕೂಡಲೇ ಇಳಿದವರು ಉಸಿರುಗಟ್ಟಿ ಸತ್ತದ್ದೂ ಉಂಟು. ಬಲ್ಲವರು ಬಾಯಿ ತೆರೆದಿಟ್ಟು ಕಾದು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಸಿನಿಮಾದ ಗಾಜಿನ ಪೆಟ್ಟಿಗೆ ಎಂದರೆ ಮನುಷ್ಯರನ್ನು ತುಂಬಿದ ಹಗೇವು. ಆದರೆ ಒಂದು ಮಾತು ನೆನಪಿಡಿ: ಕಾಳು ಕೆಡದಿರುವುದು ಬೇರೆ, ಬಿತ್ತಿದರೆ ಮೊಳೆಯುವುದು ಬೇರೆ. ರೊಟ್ಟಿಗೆ ಬರುವ ಜೋಳವೆಲ್ಲ ಬೀಜಕ್ಕೆ ಬರುವುದಿಲ್ಲ.

1967ರ ಜನವರಿಯಲ್ಲಿ ಅಮೆರಿಕದ ಜೇಮ್ಸ್ ಬೆಡ್‌ಫೋರ್ಡ್ ಎಂಬ ಪ್ರಾಧ್ಯಾಪಕ ತೀರಿಕೊಂಡಾಗ, ಮುಂದೆಂದಾದರೂ ಎಬ್ಬಿಸಬಹುದು ಎಂಬ ಆಸೆಯಿಂದ ಅವರ ದೇಹವನ್ನು ಹಿಮಗಟ್ಟಿಸಿ ಇಟ್ಟರು. ಇಂದಿಗೂ ಇದೆ. ಹಾಗೆ ಇಟ್ಟವರಲ್ಲಿ ಒಬ್ಬರನ್ನೂ ಈವರೆಗೆ ಎಬ್ಬಿಸಲಾಗಿಲ್ಲ. ತೊಡಕು ನೀರಿನದು. ನಮ್ಮ ಜೀವಕೋಶಗಳ ತುಂಬ ನೀರು. ಅದು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ, ಹರಳುಗಳು ಕೋಶವನ್ನು ಹರಿಯುತ್ತವೆ. ಹರಳಾಗದಂತೆ ಗಾಜಿನ ಹಾಗೆ ಗಟ್ಟಿ ಮಾಡುವ ವಿಧಾನ ಕಂಡುಕೊಂಡಿದ್ದಾರೆ. ಭ್ರೂಣದಂಥ ಸಣ್ಣದಕ್ಕೆ ಅದು ಒಗ್ಗುತ್ತದೆ, ಇಡೀ ಮನುಷ್ಯನಿಗೆ ಇನ್ನೂ ಇಲ್ಲ. ಅಂದರೆ ಬೆಡ್‌ಫೋರ್ಡ್ ಸದ್ಯಕ್ಕೆ ಹಗೇವಿನ ಜೋಳ. ಬೀಜವಾಗುವರೋ ಇಲ್ಲವೋ ಎಂಬಲ್ಲಿಗೆ ವಿಜ್ಞಾನ ನಿಲ್ಲುತ್ತದೆ, ಕಥೆ ಶುರುವಾಗುತ್ತದೆ.

ಆದರೆ ಮೊಳೆತವೂ ಇವೆ. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದನ್ನು 2005ರಲ್ಲಿ ನೆಟ್ಟರು; ಅದು ಗಿಡವಾಯಿತು. ಸೈಬೀರಿಯದ ಹೆಪ್ಪುನೆಲದಿಂದ ತೆಗೆದ ಕಣ್ಣಿಗೆ ಕಾಣದಷ್ಟು ಸಣ್ಣ ದುಂಡುಹುಳುಗಳು ನೀರು ಸಿಕ್ಕಿದ್ದೇ ಹರಿದಾಡತೊಡಗಿದವು. ಅವು ಮಲಗಿ ಸುಮಾರು 46,000 ವರ್ಷವಾಗಿತ್ತು ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅಲಾಸ್ಕದ ಒಂದು ಜಾತಿಯ ಕಪ್ಪೆ ಚಳಿಗಾಲದಲ್ಲಿ ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತದೆ, ಎದೆಬಡಿತವೂ ನಿಲ್ಲುತ್ತದೆ. ಕೋಶಗಳಲ್ಲಿ ಸಕ್ಕರೆ ತುಂಬಿಕೊಂಡು ಅದು ಬದುಕುತ್ತದೆ. ಅಷ್ಟು ದೂರ ಯಾಕೆ, ನಮ್ಮ ಎರೆ ನೆಲದಲ್ಲಿ ಬೇಸಿಗೆಯಿಡೀ ಮಣ್ಣಿನೊಳಗೆ ಅಡಗಿದ್ದ ಕಪ್ಪೆಗಳು ಮೊದಲ ದೊಡ್ಡ ಮಳೆಯ ರಾತ್ರಿ ಎದ್ದು ವಟಗುಟ್ಟುವುದನ್ನು ಕೇಳದ ಮಕ್ಕಳು ಇಲ್ಲಿಲ್ಲ. ಉತ್ತರಧ್ರುವದ ಹತ್ತಿರ ಸ್ವಾಲ್ಬಾರ್ಡ್ ದ್ವೀಪದಲ್ಲಿ 2008ರಿಂದ ಜಗತ್ತಿನ ಬೀಜಗಳನ್ನು ಮೈನಸ್ 18 ಡಿಗ್ರಿಯಲ್ಲಿ ಕಾಯ್ದಿಡುತ್ತಿದ್ದಾರೆ. ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಕಳಿಸಿದ ಜೋಳವೂ ಅಲ್ಲಿ ಮಲಗಿದೆ.

ಮಲಗಿದ ದೇಹಕ್ಕೆ ಏನಾಗುತ್ತದೆ ಎಂಬುದನ್ನೂ ಕಥೆಗಾರರು ಮರೆಯುತ್ತಾರೆ. ಬಾಹ್ಯಾಕಾಶದಲ್ಲಿ ಭಾರವಿಲ್ಲದೆ ಇರುವ ಯಾತ್ರಿಗಳ ಸೊಂಟ, ಕಾಲಿನ ಎಲುಬು ತಿಂಗಳಿಗೆ ಶೇಕಡಾ ಒಂದಕ್ಕಿಂತ ಹೆಚ್ಚು ಸವೆಯುತ್ತದೆ. ನೂರು ವರ್ಷ ಅಲುಗಾಡದೆ ಮಲಗಿದವನು ಎದ್ದು ಪೆಟ್ಟಿಗೆ ಒಡೆದು ಹತ್ತು ಜನರನ್ನು ಹೊಡೆದುಹಾಕಿದರೆ, ಅವನ ಎಲುಬನ್ನು ಕಾಯ್ದವರು ಯಾರು ಎಂದು ಕೇಳಿ. ನಿಲ್ಲಲಾಗದ ನಾಯಕ, ಅವನನ್ನು ಎತ್ತಿ ಕೂರಿಸುವ ಆ ಕಾಲದ ಹುಡುಗಿ: ಕಥೆಗೆ ಅದು ಹೆಚ್ಚು ಒಳ್ಳೆಯ ಆರಂಭ.

ಮಲಗದೆ ಮುಂದಿನ ಕಾಲಕ್ಕೆ ಹೋಗುವ ದಾರಿ, ರೇವತಿಯ ದಾರಿ, ಐನ್‌ಸ್ಟೈನ್ 1905ರಲ್ಲಿ ತೋರಿಸಿದ್ದು. ವೇಗ ಹೆಚ್ಚಿದಷ್ಟೂ ಸಮಯ ನಿಧಾನ. ಬೆಳಕಿನ ವೇಗದ ಶೇಕಡಾ 99ರಲ್ಲಿ ಹೋದರೆ ನಿಮಗೆ ಒಂದು ವರ್ಷ, ಭೂಮಿಯಲ್ಲಿ ಏಳು ವರ್ಷ. ಇದು ಬರಿಯ ಲೆಕ್ಕವಲ್ಲ. ರಷ್ಯದ ಸೆರ್ಗೈ ಕ್ರಿಕಲ್ಯೋವ್ ಹಲವು ಯಾತ್ರೆಗಳಲ್ಲಿ ಒಟ್ಟು 803 ದಿನ ಬಾಹ್ಯಾಕಾಶದಲ್ಲಿದ್ದು, ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ನಮಗಿಂತ ಕಡಿಮೆ ವಯಸ್ಸಾದರು. ಅಷ್ಟರಿಂದ ಏನೂ ಆಗುವುದಿಲ್ಲ. ಆದರೆ ಅವರ 1991ರ ಯಾತ್ರೆ ನೋಡಿ. ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದಿಂದ ಹಾರಿದರು. 1992ರ ಮಾರ್ಚಿನಲ್ಲಿ ಇಳಿದಾಗ ಆ ದೇಶವೇ ಇರಲಿಲ್ಲ. ಅವರು ಹುಟ್ಟಿದ ಲೆನಿನ್‌ಗ್ರಾಡ್ ಸೇಂಟ್ ಪೀಟರ್ಸ್‌ಬರ್ಗ್ ಆಗಿತ್ತು. ರಿಪ್ ವ್ಯಾನ್ ವಿಂಕಲ್‌ಗೆ ಇಪ್ಪತ್ತು ವರ್ಷ ಬೇಕಾಯಿತು, ಇವರಿಗೆ ಹತ್ತು ತಿಂಗಳು ಸಾಕಾಯಿತು.

ದುಡ್ಡಿನ ಮಾತು ಬಂದರೆ ಎಚ್. ಜಿ. ವೆಲ್ಸ್ ಅವರನ್ನು ಬಿಡುವಂತಿಲ್ಲ. 1899ರ ಅವರ ಕಾದಂಬರಿಯಲ್ಲಿ ಗ್ರಹಾಂ ಎಂಬವನು 203 ವರ್ಷ ಮಲಗಿ 2100ರಲ್ಲಿ ಏಳುತ್ತಾನೆ. ಅವನ ಹಣ ಟ್ರಸ್ಟಿಗಳ ಕೈಯಲ್ಲಿ ಬೆಳೆದು ಬೆಳೆದು ಅವನು ಅರ್ಧ ಜಗತ್ತಿನ ಒಡೆಯನಾಗಿದ್ದಾನೆ. ಅವನ ಹೆಸರಿನಲ್ಲಿ ಆಳುತ್ತಿದ್ದವರಿಗೆ ಅವನು ಎದ್ದದ್ದೇ ದೊಡ್ಡ ತಲೆನೋವು. ಗಣಿತದ ಪಿರಿಯಡ್ಡಿನಲ್ಲಿ ಮಾಡಿ ನೋಡಿ: 100 ರೂಪಾಯಿ, ಶೇಕಡಾ 5 ಚಕ್ರಬಡ್ಡಿ, 203 ವರ್ಷ. ಸುಮಾರು 20 ಲಕ್ಷ ರೂಪಾಯಿ ಆಗುತ್ತದೆ. ಮಕ್ಕಳು ಹೌಹಾರುತ್ತಾರೆ. ಆಗ ಒಬ್ಬ ರೈತನ ಮಗ ಕೇಳಿಯೇ ಕೇಳುತ್ತಾನೆ: “ಸಾಲಾ ಮಾಡಿ ಮಲಗಿದ್ರರಿ ಸರ?” ಅದೇ ಲೆಕ್ಕ ತಿರುಗುಮುರುಗು. ಬೆಳೆಸಾಲ ಹೊತ್ತು ಮಲಗಿ, ಎದ್ದಾಗ ವಂಶದವರೆಲ್ಲ ಆ ಸಾಲದಡಿ ದುಡಿಯುತ್ತಿರುವುದನ್ನು ಕಾಣುವ ನವಲಗುಂದದ ಹುಡುಗನ ಕಥೆ ವೆಲ್ಸ್ ಬರೆಯಲಿಲ್ಲ. ನಾವು ಬರೆಯಬೇಕು.

ಎಷ್ಟು ವರ್ಷ ಮಲಗಿದ್ದೆ ಎಂದು ತಿಳಿಯುವುದು ಹೇಗೆ? ಮೊದಲ ತಾಸಿನ ಅತಿ ಸ್ವಾರಸ್ಯದ ಪ್ರಶ್ನೆ ಇದು, ನನ್ನ ಮೆಚ್ಚಿನದು ಕೂಡ. ಗಡಿಯಾರ ನಿಂತಿದೆ, ಕ್ಯಾಲೆಂಡರ್ ಇಲ್ಲ, ಕೇಳಲು ಯಾರೂ ಇಲ್ಲ. ನವಲಗುಂದದ ಎರೆ ಬಯಲು ಸಪಾಟು. ಗುಡ್ಡ, ಮರ ಅಡ್ಡ ಬರುವುದಿಲ್ಲ. ಉತ್ತರಕ್ಕೆ ಮುಖ ಮಾಡಿ ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿಯಿರಿ. ನೆಲದಂಚಿನಿಂದ ಸುಮಾರು ಒಂದೂವರೆ ಮುಷ್ಟಿ ಮೇಲೆ ಧ್ರುವ ನಕ್ಷತ್ರ, ಯಾಕೆಂದರೆ ನಮ್ಮ ಅಕ್ಷಾಂಶ ಹದಿನೈದೂವರೆ ಡಿಗ್ರಿ. ಆ ಜಾಗದಲ್ಲಿ ಧ್ರುವ ಎಂದೆಂದಿಗೂ ಇರುವುದಿಲ್ಲ. ಭೂಮಿಯ ಅಕ್ಷ ಬುಗುರಿಯ ತಲೆಯಂತೆ ನಿಧಾನಕ್ಕೆ ಓಲಾಡುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಇನ್ನು 12,000 ವರ್ಷಕ್ಕೆ ಆ ಕಡೆಯ ದೊಡ್ಡ ಹೊಳೆಯುವ ನಕ್ಷತ್ರ ಅಭಿಜಿತ್. ಎದ್ದ ಹುಡುಗಿ ರಾತ್ರಿಯಾಗುವವರೆಗೆ ಕಾದು, ಒಂದೂವರೆ ಮುಷ್ಟಿ ಅಳೆದು, ಅಲ್ಲಿ ಧ್ರುವ ಕಾಣದೆ ಹತ್ತಿರದಲ್ಲೇ ಅಭಿಜಿತ್ ಕಂಡರೆ? ಮೈ ಜುಮ್ಮೆನ್ನುವ ಜಾಗ ಅದು, ಯಾವ ರಾಕ್ಷಸನೂ ಬೇಡ. ಆದರೆ 38,000 ವರ್ಷ ಕಳೆದಿದ್ದರೂ ಅಭಿಜಿತ್ ಅಲ್ಲೇ ಇರುತ್ತದೆ. ಹಾಗಾದರೆ ಸಪ್ತರ್ಷಿ ಮಂಡಲ ನೋಡಬೇಕು. ಅದರ ನಕ್ಷತ್ರಗಳೆಲ್ಲ ಒಂದೇ ದಾರಿ ಹಿಡಿದಿಲ್ಲ, ಹತ್ತಾರು ಸಾವಿರ ವರ್ಷಗಳಲ್ಲಿ ಆಕಾರ ಕೆಡುತ್ತದೆ. ಕೆಟ್ಟಿದೆಯೇ? ಎಷ್ಟು ಕೆಟ್ಟಿದೆ?

ಎಲುಬಿನಲ್ಲೂ ಗಡಿಯಾರವಿದೆ. 2010ರಲ್ಲಿ ಅಣ್ಣಿಗೇರಿಯ ಚರಂಡಿಯೊಂದರಲ್ಲಿ ನೂರಾರು ಮನುಷ್ಯರ ತಲೆಬುರುಡೆ ಸಿಕ್ಕಿದ್ದು ನಮ್ಮ ಕಡೆಯವರಿಗೆ ನೆನಪಿದೆ. ಅವುಗಳ ಕಾಲ ತಿಳಿಯಲು ಇಂಗಾಲ-14ರ ಪರೀಕ್ಷೆ ಮಾಡಿಸಿದರು. ಜೀವ ಹೋದ ಮೇಲೆ ಈ ಇಂಗಾಲ 5,730 ವರ್ಷಕ್ಕೆ ಅರ್ಧದಂತೆ ಕಡಿಮೆಯಾಗುತ್ತ ಹೋಗುತ್ತದೆ. ಉಳಿದದ್ದನ್ನು ಅಳೆದು ಕಾಲ ಲೆಕ್ಕ ಹಾಕುತ್ತಾರೆ.

ಅದಕ್ಕಿಂತ ದೊಡ್ಡ ಗಡಿಯಾರ ಒಂದು ಈಗ ಬಾಹ್ಯಾಕಾಶದಲ್ಲಿ ಹೋಗುತ್ತಿದೆ, ಮತ್ತು ಅದರೊಳಗೆ ಕನ್ನಡ ಇದೆ. 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಬಂಗಾರ ಲೇಪಿಸಿದ ತಾಮ್ರದ ತಟ್ಟೆಗಳನ್ನು ಇಟ್ಟಿದ್ದಾರೆ. 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡಿಗರ ಪರವಾಗಿ ಹೇಳಿದ್ದೂ ಒಂದು. ತಟ್ಟೆಯ ಹೊದಿಕೆಯ ಮೇಲೆ ಯುರೇನಿಯಂ-238ರ ಚುಕ್ಕೆ ಬಳಿದಿದ್ದಾರೆ. ಅದು ಅರ್ಧಕ್ಕಿಳಿಯಲು ಸುಮಾರು 450 ಕೋಟಿ ವರ್ಷ ಬೇಕು. ಸಿಕ್ಕವರು ಉಳಿದದ್ದನ್ನು ಅಳೆದು ಇದು ಎಷ್ಟು ಕಾಲದಿಂದ ಅಲೆಯುತ್ತಿದೆ ಎಂದು ತಿಳಿಯಲಿ ಎಂದು. ವಾಯೇಜರ್-1 ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಇನ್ನೊಂದು ನಕ್ಷತ್ರದ ನೆರೆಗೆ ಹೋಗಲು 40,000 ವರ್ಷ ಬೇಕು, ಆ ನೆರೆ ಎಂದರೂ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ದೂರ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ಇದೆ. ಕೇಸರಬಾಯಿ ಕಲಿತದ್ದು ಅಲ್ಲಾದಿಯಾ ಖಾನರ ಹತ್ತಿರ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಕಲಿತದ್ದು ಅದೇ ಖಾನರ ಮಕ್ಕಳ ಹತ್ತಿರ. ಸವಾಯಿ ಗಂಧರ್ವರ ಊರಾದ ಕುಂದಗೋಳದ ಕಿರಾಣಾ ಘರಾಣೆಯವರು ಮುನಿಸಿಕೊಳ್ಳಬಾರದು, ತಟ್ಟೆಯಲ್ಲಿ ಜಾಗ ಕಡಿಮೆ ಇತ್ತು. ನಾನು ಹೇಳುವುದು ಇಷ್ಟೇ: ಬಹುದೂರದ ಭವಿಷ್ಯದಲ್ಲಿ ಏಳಲಿರುವ ಕನ್ನಡದ ಧ್ವನಿಯೊಂದು ನಿಜವಾಗಿಯೂ ದಾರಿಯಲ್ಲಿದೆ. ಅದನ್ನು ಯಾರು ಕೇಳುತ್ತಾರೆ, ಕೇಳಿ ಏನೆಂದು ತಿಳಿಯುತ್ತಾರೆ? ಇದನ್ನು ಇಟ್ಟುಕೊಂಡು ಕನ್ನಡದಲ್ಲಿ ಹತ್ತು ಕಾದಂಬರಿ ಬರಬಹುದಿತ್ತು.

ಕಾಲದ ಅಳತೆಗೆ ತಕ್ಕಂತೆ ನೆಲವೂ ಬದಲಾಗಬೇಕು. ಕೆಲವು ನೂರು ವರ್ಷದ ಕಥೆಯಾದರೆ ಮಲಪ್ರಭೆಯ ಕಾಲುವೆ ಏನಾಯಿತು ಎಂದು ಕೇಳಿಕೊಳ್ಳಿ. ಯಾವ ಅಣೆಕಟ್ಟಿನ ಹಿನ್ನೀರಿನಲ್ಲಾದರೂ ಹೂಳು ತುಂಬುತ್ತದೆ. ನೀರು ಹೆಚ್ಚಾದ ಎರೆ ಹೊಲ ಸವಳು-ಜವಳು ಆಗುವುದನ್ನು ನವಲಗುಂದದವರು ಈಗಾಗಲೇ ನೋಡಿದ್ದಾರೆ. ಬೆಣ್ಣೆಹಳ್ಳ, ತುಪ್ಪರಿಹಳ್ಳ ಅದೇ ದಾರಿಯಲ್ಲಿ ಹರಿಯುತ್ತಿರಬೇಕೆಂದಿಲ್ಲ. ಕಲಘಟಗಿಯ ಕಾಡಂಚು ಮುಂದೆ ಬಂದಿದೆಯೋ ಹಿಂದೆ ಸರಿದಿದೆಯೋ? 50,000 ವರ್ಷವಾದರೆ ಭಾರತದ ಭೂಫಲಕ ಈಗಿನ ವೇಗದಲ್ಲಿ ಎರಡು ಕಿಲೋಮೀಟರಿಗಿಂತ ಹೆಚ್ಚು ಉತ್ತರಕ್ಕೆ ಜರುಗಿರುತ್ತದೆ, ನವಲಗುಂದವನ್ನೂ ಹೊತ್ತುಕೊಂಡು. ಇನ್ನೂ ದೂರ ಹೋದರೆ ಉಳಿಯುವುದು ಬಂಡೆ. ಅದರಲ್ಲಿ ಮಾತ್ರ ನಮಗೆ ಜಂಬ ಪಡಲು ಕಾರಣವಿದೆ. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಇಲ್ಲಿನ ಹಳೆಯ ಶಿಲೆಗಳಿಗೆ ಧಾರವಾಡದ ಹೆಸರಿಟ್ಟರು. 250 ಕೋಟಿ ವರ್ಷಕ್ಕೂ ಹಿಂದಿನ ಆ ಬಂಡೆಗಳನ್ನು ಇಂದಿಗೂ ಜಗತ್ತಿನ ಭೂವಿಜ್ಞಾನಿಗಳು ಅದೇ ಹೆಸರಿನಿಂದ ಕರೆಯುತ್ತಾರೆ.

ಓದಲು ಎಲ್ಲಿಂದ ಆರಂಭಿಸಬೇಕು? ವೆಲ್ಸ್ ಅವರದೇ 1895ರ ‘ಟೈಮ್ ಮಷಿನ್’ ಮೊದಲು ಓದಿ, ಚಿಕ್ಕದು. ಅಲ್ಲಿ ನಾಯಕ ಯಂತ್ರದಲ್ಲಿ 8,02,701ನೆಯ ಇಸವಿಗೆ ಹೋಗುತ್ತಾನೆ. ಹಣ್ಣು ತಿಂದು ನಲಿಯುವ ಮಂದಿಯನ್ನು ಕಂಡು ಸುಖದ ಕಾಲವೆಂದು ತಿಳಿಯುತ್ತಾನೆ, ನೆಲದಡಿ ಯಾರು ದುಡಿಯುತ್ತಿದ್ದಾರೆ ಎಂದು ಗೊತ್ತಾಗುವವರೆಗೆ. ಅವನ ಮೊದಲ ಊಹೆ ತಪ್ಪುತ್ತದೆ, ಎರಡನೆಯದೂ ತಪ್ಪುತ್ತದೆ. ಹೊಸಬರು ಕಲಿಯಬೇಕಾದ ಕಸುಬು ಅದು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠ, ಮನು ಅಂಥವರು ವಿಜ್ಞಾನ ಕಥೆ ಬರೆದಿದ್ದಾರೆ, ಗ್ರಂಥಾಲಯದಲ್ಲಿ ಕೇಳಿ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಯಾರೂ ಮಲಗಿ ಏಳುವುದಿಲ್ಲ, ಆದರೂ ನಾನು ಅದನ್ನು ಈ ಪಟ್ಟಿಗೆ ಸೇರಿಸುತ್ತೇನೆ. ಒಂದು ಹಾರುವ ಓತಿಯ ಬೆನ್ನು ಹತ್ತಿ ಕೋಟಿಗಟ್ಟಲೆ ವರ್ಷಗಳ ಕಾಲ ಒಂದು ಹಳ್ಳಿಗೆ ಬಂದಿಳಿಯುವುದು ಹೇಗೆಂದು ಅದರಿಂದ ಕಲಿಯಬಹುದು.

ಬರೆಯುವ ಆಸೆ ಇದ್ದವರಿಗೆ ಒಂದು ಪುಟದ ಕೆಲಸ. ನಿಮ್ಮ ಊರಿನಲ್ಲೇ ಎಬ್ಬಿಸಿ, ಬೆಂಗಳೂರಿನಲ್ಲಿ ಬೇಡ. ಎಷ್ಟು ವರ್ಷವಾಗಿದೆ ಎಂದು ಮೊದಲೇ ನೀವು ನಿರ್ಧರಿಸಿ, ಆದರೆ ಪುಟದಲ್ಲಿ ಎಲ್ಲೂ ಹೇಳಬೇಡಿ, ಓದಿದವರು ಕಂಡುಹಿಡಿಯುವಂತಿರಲಿ. ಉಳಿದ ವಸ್ತು ಒಂದೇ ಒಂದು ಇರಲಿ, ಅದು ಗುಡಿಯಾಗಲಿ, ಹಾಳುಬಾವಿಯಾಗಲಿ, ಕಲಘಟಗಿ ತೊಟ್ಟಿಲಿನ ಒಂದು ಬಣ್ಣದ ಪಟ್ಟಿಯಾಗಲಿ. ಆದರೆ ಕಟ್ಟಿಗೆ ಅಷ್ಟು ಕಾಲ ಹೇಗೆ ಉಳಿಯಿತು ಎಂದು ನಾನು ಕೇಳುತ್ತೇನೆ, ಉತ್ತರ ಸಿದ್ಧವಿರಲಿ. ಹೊಸ ಕಾಲದವರೊಬ್ಬರು ಬಂದು ಮಾತಾಡಲಿ, ಅವರ ಮಾತು ಅರ್ಧ ಮಾತ್ರ ತಿಳಿಯಲಿ. ಮತ್ತು ಅವರ ಮನೆಯಲ್ಲಿ ಒಂದು ಊಟ ಇರಲಿ. ಏನು ಬಡಿಸಿದರು, ಅದನ್ನು ಯಾವ ಹೊಲದಲ್ಲಿ ಬೆಳೆದರು, ಆ ಹೊಲಕ್ಕೆ ನೀರು ಎಲ್ಲಿಂದ ಬಂತು ಎಂದು ಬರೆಯುವಷ್ಟರಲ್ಲಿ ಪುಟ ತುಂಬುತ್ತದೆ. ಶನಿವಾರ ತಂದು ಕೊಡಿ, ಓದೋಣ.